ಲಕ್ಷ್ಮಿಯ ಹೆಸರಿನಲ್ಲಿ ಜೀವಾವಧಿ ಶಿಕ್ಷೆ

"ಆಮಿ ಸಾಕೂದ್ರಾಗ ತಪ್ಪೇನೈತ್ರಿ? ಒಂದ್ ಹಿಡಿ ತಪ್ಪಲಾ, ಒಂದ್ ಬೋಗಣಿ ನೀರು. ಬೊಗಳೂದಿಲ್ಲ, ಒದರೂದಿಲ್ಲ, ಯಾರಿಗೂ ತ್ರಾಸಿಲ್ಲ. ಮ್ಯಾಲ ಮನಿಗೆ ಲಕ್ಷ್ಮಿ ಬರ್ತಾಳ!"

ಕಟಕೋಳದ ಕಟ್ಟೆಯ ಮೇಲೆ ಕೂತು ಕೇಳಿ, ರಾಮದುರ್ಗದ ಬಸ್ ನಿಲ್ದಾಣದಲ್ಲಿ ನಿಂತು ಕೇಳಿ, ಬೈಲಹೊಂಗಲದ ಹೊಸ ಬಡಾವಣೆಯ ಬಂಗಲೆಯಲ್ಲಿ ಚಹಾ ಕುಡಿಯುತ್ತ ಕೇಳಿ. ಉತ್ತರ ಹೆಚ್ಚುಕಮ್ಮಿ ಇದೇ. ಹೇಳುವವರು ಕೆಟ್ಟವರಲ್ಲ. ದನಕ್ಕೆ ಮೇವು ಹಾಕದೆ ತಾವು ಉಣ್ಣದ ಮಂದಿ, ನಾಗರ ಪಂಚಮಿಗೆ ಹುತ್ತಕ್ಕೆ ಹಾಲೆರೆಯುವ ಮಂದಿ. ಅದಕ್ಕೇ ಈ ಮಾತಿಗೆ ಯಾರೂ ಎದುರಾಡುವುದಿಲ್ಲ. ಕಳ್ಳನ ಬಾಯಿಂದ ಬಂದಿದ್ದರೆ ಇಷ್ಟು ಹೊತ್ತಿಗೆ ಪಂಚಾಯಿತಿ ಸೇರುತ್ತಿತ್ತು. ಸಜ್ಜನರ ಬಾಯಿಂದ ಬಂದದ್ದರಿಂದ ಅದು ರೂಢಿಯಾಗಿ ಕೂತಿದೆ.

ಈ ರೂಢಿಗೆ ಈಗ ಹೊಸ ಬೆಂಬಲಿಗರು ಹುಟ್ಟಿಕೊಂಡಿದ್ದಾರೆ. ಮನೆಯೊಳಗೆ ಆಮೆಗೆ ಎಷ್ಟು ದೊಡ್ಡ ಪೆಟ್ಟಿಗೆ ಬೇಕು, ಹಿತ್ತಲಲ್ಲಿ ಎಷ್ಟು ಎತ್ತರದ ಗೋಡೆ ಬೇಕು, ಯಾವ ದೀಪ ಹಾಕಬೇಕು, ಯಾವ ಸೊಪ್ಪು ಕೊಡಬೇಕು ಎಂದು ಮೊಬೈಲಿನಲ್ಲಿ ಪಾಠ ಹೇಳುವವರು. ಅವರ ಪ್ರಕಾರ ಅಜ್ಞಾನದಿಂದ ಸಾಕುವುದು ತಪ್ಪು, ತಿಳಿದುಕೊಂಡು ಸಾಕಿದರೆ ಸರಿ. ನಾನು ಹೇಳುವುದು ಬೇರೆ. ನಮ್ಮ ನೆಲದ ಆಮೆಯನ್ನು ಮನೆಯಲ್ಲಿ ಸಾಕುವುದಕ್ಕೆ ಸರಿಯಾದ ಕ್ರಮ ಎಂಬುದೇ ಇಲ್ಲ. "ಹೇಗೆ ಸಾಕಬೇಕು?" ಎಂದು ಕೇಳುವವರು ಮೊದಲು ಇನ್ನೊಂದು ಪ್ರಶ್ನೆಗೆ ಉತ್ತರ ಕೊಡಲಿ: ಅದು ನಿಮ್ಮ ಮನೆಗೆ ಬಂದದ್ದು ಎಲ್ಲಿಂದ?

ಮೊದಲು ಕಾನೂನು. ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು 1972 ರಲ್ಲಿ. ಬೆನ್ನ ಮೇಲೆ ಹಳದಿ ಗೆರೆಗಳ ಚುಕ್ಕಿ ಹೊತ್ತ ನಕ್ಷತ್ರ ಆಮೆ ಬಹುಕಾಲ ಅದರ ನಾಲ್ಕನೇ ಅನುಸೂಚಿಯಲ್ಲಿತ್ತು. 2022 ರ ತಿದ್ದುಪಡಿ 2023 ರ ಏಪ್ರಿಲ್ 1 ರಿಂದ ಜಾರಿಗೆ ಬಂದಾಗ ಅದು ಒಂದನೇ ಅನುಸೂಚಿಗೆ ಏರಿತು. ನಮ್ಮ ಕೆರೆ, ಹಳ್ಳ, ಬಾವಿಗಳಲ್ಲಿ ಸಿಗುವ ಮೆತ್ತನೆಯ ಚಿಪ್ಪಿನ ನೀರಾಮೆಯೂ ಅದೇ ಪಟ್ಟಿಯಲ್ಲಿದೆ. ಹುಲಿ, ಆನೆ ಇರುವ ಪಟ್ಟಿ ಅದು. ಅಪರಾಧ ರುಜುವಾತಾದರೆ 3 ವರ್ಷಕ್ಕೆ ಕಡಿಮೆಯಿಲ್ಲದ, 7 ವರ್ಷದವರೆಗೆ ಹೋಗಬಹುದಾದ ಸೆರೆವಾಸ, ಜೊತೆಗೆ 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. ಕೊಂಡಿದ್ದೋ, ಕಾಣಿಕೆಯಾಗಿ ಬಂದದ್ದೋ, ಹೊಲದಲ್ಲಿ ನೇಗಿಲಿಗೆ ಸಿಕ್ಕಿದ್ದೋ ಎಂಬ ಭೇದ ಇಲ್ಲಿ ನಡೆಯುವುದಿಲ್ಲ. ಕಾಡುಪ್ರಾಣಿ ಸರಕಾರದ ಸ್ವತ್ತು ಎಂದು ಕಾಯ್ದೆ ಹೇಳುತ್ತದೆ. "ನನಗ ಸಿಕ್ಕೈತಿ, ನಂದು" ಎನ್ನುವ ನ್ಯಾಯ ಅದಕ್ಕೆ ತಾಗುವುದಿಲ್ಲ.

ಬಾಗಿಲಲ್ಲಿ ಹುಲಿಮರಿ ಕಟ್ಟಿದವನ ಮನೆಗೆ ಪೊಲೀಸರು ಬರುವ ಮೊದಲೇ ಓಣಿ ಮಂದಿ ಬಡಿಗೆ ಹಿಡಿದು ಬರುತ್ತಾರೆ. ಆಮೆ ಇಟ್ಟವನ ಮನೆಗೆ ಅದೇ ಓಣಿ ಮಂದಿ ಅರಿಶಿನ-ಕುಂಕುಮ ಹಿಡಿದು ಬರುತ್ತಾರೆ. ಕಾನೂನಿನ ಕಣ್ಣಿಗೆ ಎರಡೂ ಒಂದೇ ಸಾಲಿನ ಜೀವಗಳಾದರೆ ನಮ್ಮ ಕಣ್ಣಿಗೆ ಮಾತ್ರ ಒಂದು ಅಪರಾಧ, ಇನ್ನೊಂದು ಶಕುನ ಹೇಗಾಯಿತು? ಆಮೆ ಕಚ್ಚಿ ಕೊಲ್ಲುವುದಿಲ್ಲ ಎಂಬುದನ್ನು ಬಿಟ್ಟರೆ ಬೇರೆ ಕಾರಣ ಇದೆಯೆ? ಹೆದರಿಸಬಲ್ಲ ಪ್ರಾಣಿಗೆ ಕಾಯ್ದೆ, ಹೆದರಿಸಲಾರದ್ದಕ್ಕೆ ಪ್ಲಾಸ್ಟಿಕ್ ಟಬ್ಬು ಎಂದು ನಾವೇ ತೀರ್ಮಾನ ಮಾಡಿಕೊಂಡು ಕೂತಿದ್ದೇವೆ.

ಎರಡನೆಯದು ಅದರ ಹುಟ್ಟೂರು. ನಕ್ಷತ್ರ ಆಮೆಯ ನೆಲೆ ಭಾರತದ ವಾಯವ್ಯದ ಒಣ ಸೀಮೆ ಮತ್ತು ಅದಕ್ಕೆ ಹೊಂದಿದ ಪಾಕಿಸ್ತಾನ, ದಕ್ಷಿಣದಲ್ಲಿ ತಮಿಳುನಾಡು, ಆಂಧ್ರ, ನಮ್ಮ ರಾಜ್ಯದ ಪೂರ್ವದ ಕುರುಚಲು ಕಾಡು, ಆಚೆಗೆ ಶ್ರೀಲಂಕಾ. ಕರ್ನಾಟಕದಲ್ಲಿ ಅದು ಹೆಚ್ಚಾಗಿ ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಪ್ರಾಣಿ. ಹಾಗಿದ್ದ ಮೇಲೆ ಬೆಳಗಾವಿ ಜಿಲ್ಲೆಯ ಒಂದು ಪಡಸಾಲೆಯಲ್ಲಿ ಅದು ಹರಿದಾಡುತ್ತಿದ್ದರೆ, ಅಷ್ಟು ದೂರ ಅದು ನಡೆದು ಬಂತೆ? ಯಾರೋ ಹಿಡಿದರು, ಯಾರೋ ಚೀಲಕ್ಕೆ ತುಂಬಿದರು, ಯಾರೋ ಬಸ್ಸಿನ ಸೀಟಿನ ಕೆಳಗೆ ಇಟ್ಟರು, ಕೊನೆಗೆ ಒಬ್ಬರು ದುಡ್ಡು ಕೊಟ್ಟರು. ಆ ಕೊನೆಯವರೇ ಇಂದು "ನಾವು ಪ್ರೀತಿಯಿಂದ ಸಾಕತೀವ್ರಿ" ಎನ್ನುವವರು.

ಈ ವ್ಯಾಪಾರ ಎಷ್ಟು ದೊಡ್ಡದು? 2015 ರಲ್ಲಿ ಪ್ರಕಟವಾದ ಒಂದು ಅಧ್ಯಯನ ಭಾರತದ ಒಂದೇ ಒಂದು ವ್ಯಾಪಾರ ಕೇಂದ್ರವನ್ನು ಹಿಡಿದು ಲೆಕ್ಕ ಹಾಕಿತು. ಅಲ್ಲಿಂದಲೇ ವರ್ಷಕ್ಕೆ ಕನಿಷ್ಠ 55,000 ನಕ್ಷತ್ರ ಆಮೆಗಳು ಕಾಡಿನಿಂದ ಎತ್ತಲ್ಪಟ್ಟಿದ್ದವು. ಹೆಣ್ಣು ಆಮೆ ಪ್ರಾಯಕ್ಕೆ ಬರಲು ಹಲವಾರು ವರ್ಷ ಬೇಕು. ಒಂದು ಸಲಕ್ಕೆ ಇಡುವ ಮೊಟ್ಟೆ ಬೆರಳೆಣಿಕೆಯಷ್ಟು. ಅದರಲ್ಲೂ ಮುಂಗುಸಿ, ಉಡ, ಕಾಗೆಗಳ ಪಾಲು ಹೋಗಿ ಉಳಿಯುವುದು ಇನ್ನೂ ಕಡಿಮೆ. ಇಷ್ಟು ನಿಧಾನವಾಗಿ ಬೆಳೆಯುವ ಸಂತತಿಯಿಂದ ಇಷ್ಟು ಜೋರಾಗಿ ಎತ್ತಿದರೆ ಏನಾಗುತ್ತದೆಂದು ತಿಳಿಯಲು ಲೆಕ್ಕ ಕಲಿತಿರಬೇಕಾಗಿಲ್ಲ. 2019 ರಲ್ಲಿ ಜಿನೀವಾದಲ್ಲಿ ಸೇರಿದ ಅಂತರರಾಷ್ಟ್ರೀಯ ಸಭೆ ಭಾರತ, ಶ್ರೀಲಂಕಾ ಮೊದಲಾದ ದೇಶಗಳ ಕೋರಿಕೆಯ ಮೇಲೆ ಈ ಆಮೆಯನ್ನು ಸೈಟಿಸ್ ಎಂಬ ವನ್ಯಜೀವಿ ವ್ಯಾಪಾರ ಒಪ್ಪಂದದ ಮೊದಲನೇ ಅನುಬಂಧಕ್ಕೆ ಸೇರಿಸಿ ಕಾಡಿನ ಆಮೆಯ ವ್ಯಾಪಾರಕ್ಕೆ ಜಗತ್ತಿನ ಬಾಗಿಲು ಹಾಕಿತು. ಜಿನೀವಾದಲ್ಲಿ ಹಾಕಿದ ಬಾಗಿಲನ್ನು ನಾವು ಇಲ್ಲಿ ಹಿತ್ತಲ ಕಡೆಯಿಂದ ತೆಗೆಯುತ್ತಿದ್ದೇವೆ.

"ನಾವೊಬ್ಬರು ಒಂದು ತಂದ್ರ ಏನಾಗತೈತಿ?" ಎನ್ನುತ್ತಾರೆ. ಆ 55,000 ದಲ್ಲಿ ಪ್ರತಿಯೊಂದೂ ಯಾರದೋ ಒಂದೇ ಒಂದು ಆಗಿತ್ತು.

ಸರಿ, ಕಾನೂನೂ ಲೆಕ್ಕವೂ ಸದ್ಯಕ್ಕೆ ಬದಿಗಿರಲಿ. ಪ್ರೀತಿಯ ವಿಷಯಕ್ಕೇ ಬರೋಣ. ಮನೆಯೊಳಗಿನ ಆಮೆಯ ಬದುಕು ನಿಜಕ್ಕೂ ಹೇಗಿರುತ್ತದೆ?

ನುಣ್ಣನೆಯ ಫರಶಿ ಇಲ್ಲವೇ ಟೈಲ್ಸ್ ನೆಲ. ಮಣ್ಣು ಕೆದರಲೆಂದು ಬೆಳೆದ ಉಗುರಿಗೆ ಅಲ್ಲಿ ಹಿಡಿತವಿಲ್ಲ. ಹೆಜ್ಜೆ ಜಾರಿ ಜಾರಿ ಕಾಲು ಸೊಟ್ಟಗಾಗುತ್ತದೆ. ಬಿಸಿಲಿಲ್ಲ. "ಕಿಟಕಿಯಿಂದ ಬರತೈತಲ್ರಿ" ಎನ್ನುವವರಿಗೆ ಒಂದು ಮಾತು: ಎಲುಬು, ಚಿಪ್ಪು ಗಟ್ಟಿಯಾಗಲು ಬೇಕಾದ ಡಿ ಜೀವಸತ್ವವನ್ನು ಮೈಯಲ್ಲಿ ಹುಟ್ಟಿಸುವ ಅತಿನೇರಳೆ ಕಿರಣವನ್ನು ಕಿಟಕಿಯ ಗಾಜು ತಡೆದುಬಿಡುತ್ತದೆ. ಬೆಳಕು ಒಳಗೆ ಬರುತ್ತದೆ, ಬೇಕಾದದ್ದು ಹೊರಗೇ ನಿಲ್ಲುತ್ತದೆ. ಆಹಾರ? ಕುರುಚಲು ಕಾಡಿನಲ್ಲಿ ಹುಲ್ಲು, ಕಳೆ, ಹೂವು, ಉದುರಿದ ಹಣ್ಣು ತಿನ್ನುವ ಜೀವಕ್ಕೆ ನಾವು ರೊಟ್ಟಿ ಚೂರು, ಅನ್ನ, ಬಿಸ್ಕತ್ತು, ಹಬ್ಬದ ದಿನ ಹಾಲು ಕೊಡುತ್ತೇವೆ. ಕೆಲವು ತಿಂಗಳಲ್ಲಿ ಚಿಪ್ಪು ಮೆತ್ತಗಾಗುತ್ತದೆ, ಇಲ್ಲವೇ ಗುಬ್ಬೆ ಗುಬ್ಬೆಯಾಗಿ ಏಳುತ್ತದೆ. ನೋಡಿದವರು "ಭಾಳ ದಷ್ಟಪುಷ್ಟ ಬೆಳದೈತಿ" ಎನ್ನುತ್ತಾರೆ.

ಚಿಪ್ಪನ್ನು ನಾವು ಪೆಟ್ಟಿಗೆ ಎಂದುಕೊಂಡಿದ್ದೇವೆ, ಆಮೆ ಅದರೊಳಗೆ ಬಾಡಿಗೆಗೆ ಇದೆ ಎಂಬ ಹಾಗೆ. ಆಮೆಯ ಬೆನ್ನೆಲುಬೂ ಪಕ್ಕೆಲುಬುಗಳೂ ಚಿಪ್ಪಿನ ಜೊತೆ ಬೆಸೆದುಕೊಂಡಿವೆ. ಅದರಲ್ಲಿ ರಕ್ತ ಹರಿಯುತ್ತದೆ, ನೋವು ತಿಳಿಯುತ್ತದೆ. ಆ ಚಿಪ್ಪಿನ ಅಂಚಿಗೆ ತೂತು ಕೊರೆದು ದಾರ ಕಟ್ಟುವವರಿದ್ದಾರೆ, ಬಣ್ಣ ಬಳಿಯುವವರಿದ್ದಾರೆ, ಹಬ್ಬಕ್ಕೆ ಅದರ ಮೇಲೆ ಹೆಸರು ಬರೆಯುವವರಿದ್ದಾರೆ. ಪಕ್ಕೆಲುಬು ಅಲುಗದ ಕಾರಣ ಆಮೆಗೆ ನಮ್ಮ ಹಾಗೆ ಎದೆ ಉಬ್ಬಿಸಿ ಉಸಿರಾಡಲು ಬರುವುದಿಲ್ಲ. ಕಾಲು, ಹೆಗಲ ಸಂದಿಯ ಸ್ನಾಯುಗಳಿಂದ ಉಸಿರು ಎಳೆದುಕೊಳ್ಳುತ್ತದೆ. ಜೋರಾಗಿ ಕೆಮ್ಮಿ ಕಫ ಹೊರಹಾಕುವ ಶಕ್ತಿಯೂ ಅದಕ್ಕಿಲ್ಲ. ತಂಪು, ತೇವದ ಮೂಲೆಯಲ್ಲಿಟ್ಟರೆ ಶ್ವಾಸಕೋಶಕ್ಕೆ ಸೋಂಕು ತಗಲುತ್ತದೆ. ಮೂಗಿನಲ್ಲಿ ಗುಳ್ಳೆ ಬಂದರೆ ಮಕ್ಕಳು "ಆಮಿಗೂ ನೆಗಡಿ ಆಗೈತಿ" ಎಂದು ನಗುತ್ತವೆ. ಅದು ನೆಗಡಿಯಲ್ಲ, ಸಾವಿನ ಮೊದಲ ಹೆಜ್ಜೆ.

ಆದರೂ ಅದು ಬೇಗ ಸಾಯುವುದಿಲ್ಲ. ಆಮೆ ವಾರಗಟ್ಟಲೆ ತಿನ್ನದೆ ಇರಬಲ್ಲದು, ನೋವನ್ನು ತೋರಿಸದೆ ಬದುಕಬಲ್ಲದು, ಬರವನ್ನು ಮಣ್ಣಿನಲ್ಲಿ ಹೂತುಕೊಂಡು ದಾಟಬಲ್ಲದು. ನಿಸರ್ಗ ಕೊಟ್ಟ ಈ ತಾಳ್ಮೆಯೇ ಅದಕ್ಕೆ ಮುಳುವಾಗಿದೆ. ನಾಯಿ ಉಪವಾಸವಿದ್ದರೆ ಊಳಿಡುತ್ತದೆ, ಎಮ್ಮೆ ಗೂಟ ಕಿತ್ತುಕೊಳ್ಳುತ್ತದೆ. ಆಮೆ ತಲೆ ಒಳಗೆಳೆದುಕೊಂಡು ಸುಮ್ಮನಿರುತ್ತದೆ. ನಾವು ಅದನ್ನು ನೆಮ್ಮದಿ ಎಂದು ಓದುತ್ತೇವೆ. ಪಂಚತಂತ್ರದ ಆಮೆ ಬಾಯಿ ಬಿಟ್ಟದ್ದಕ್ಕೆ ಸತ್ತಿತು; ನಮ್ಮ ಮನೆಗಳ ಆಮೆ ಬಾಯಿ ಇಲ್ಲದ್ದಕ್ಕೆ ಸಾಯುತ್ತದೆ.

"ಒಳಗ ಬ್ಯಾಡ, ಹಿತ್ತಲದಾಗ ಬಿಡ್ತೀವಿ" ಎನ್ನುವವರು ಇದ್ದಾರೆ. ಹಿತ್ತಲಲ್ಲಿ ಏನಿದೆ? ಸಿಮೆಂಟು ನೆಲ, ಓಣಿಯ ನಾಯಿ, ಮಂಗ, ಹಿಂದಕ್ಕೆ ಬರುವ ಟ್ರ್ಯಾಕ್ಟರು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿಯ ಹತ್ತಿರ ಹೋದಾಗ ಕಾಡಿನ ಆಮೆ ಪೊದೆಯ ಬುಡಕ್ಕೆ, ಹುಲ್ಲಿನ ತಣ್ಣನೆಯ ಗೂಡಿಗೆ ಸೇರಿಕೊಳ್ಳುತ್ತದೆ. ನಾಲ್ಕು ಗೋಡೆಯ ನಡುವಿನ ಆಮೆ ಎಲ್ಲಿಗೆ ಹೋಗಬೇಕು? ಸರೀಸೃಪಕ್ಕೆ ಬೆವರು ಇಲ್ಲ. ಬಿಸಿಲಿನಿಂದ ನೆರಳಿಗೆ, ನೆರಳಿನಿಂದ ಬಿಸಿಲಿಗೆ ನಡೆಯುವುದೇ ಅದರ ಮೈಬಿಸಿಯ ನಿಯಂತ್ರಣ. ಆ ನಡಿಗೆಯನ್ನೇ ಕಿತ್ತುಕೊಂಡು ಮೇಲೆ ನೀರು ಚಿಮುಕಿಸುವುದನ್ನು ಆರೈಕೆ ಎನ್ನುತ್ತೇವೆ.

ಇನ್ನು ಬಾವಿ. ಈ ಸೀಮೆಯಲ್ಲಿ ನೀರಾಮೆಯನ್ನು ಹಳ್ಳದಿಂದ ಹಿಡಿದು ಬಾವಿಗೋ ಮನೆಯ ಟಾಕಿಗೋ ಬಿಡುವುದನ್ನು ಜಾಣತನ ಎಂದುಕೊಂಡವರು ಬಹಳ. ನೀರು ಸ್ವಚ್ಛವಾಗುತ್ತದಂತೆ. ಸ್ವಚ್ಛ ಮಾಡುವ ಆಮೆಯ ಮಲ ಎಲ್ಲಿಗೆ ಹೋಗುತ್ತದೆ ಎಂದು ಈ ಜಾಣರು ಕೇಳಿಕೊಂಡಿದ್ದಾರೆಯೆ? ಆಮೆಗಳ ಕರುಳಿನಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣು ಸಾಮಾನ್ಯ. ಅದು ಆಮೆಗೆ ಏನೂ ಮಾಡದೆ ಮನುಷ್ಯರಿಗೆ, ಅದರಲ್ಲೂ ಚಿಕ್ಕ ಮಕ್ಕಳಿಗೆ, ವಾಂತಿ-ಭೇದಿ ತರುತ್ತದೆ. ಕುಡಿಯುವ ನೀರಿನ ಟಾಕಿಯಲ್ಲಿ ಅದನ್ನಿಟ್ಟು ಮೇಲೆ ಮುಚ್ಚಳ ಹಾಕುವುದು ಯಾವ ಸೀಮೆಯ ಶುದ್ಧಿ? ಸೊಳ್ಳೆ ಮರಿಗಳ ಚಿಂತೆಯಾದರೆ ಆರೋಗ್ಯ ಇಲಾಖೆ ಗಪ್ಪಿ ಮೀನು ಕೊಡುತ್ತದೆ. ಹರಿಯುವ ಹಳ್ಳದಲ್ಲಿ ಬಸವನಹುಳು, ಕಪ್ಪೆ, ಸತ್ತ ಮೀನು, ನೀರಗಿಡ ತಿಂದು, ದಂಡೆಯ ಮೇಲೆ ಬಿಸಿಲು ಕಾಯಿಸಿಕೊಂಡು, ಕೆಸರಿನಲ್ಲಿ ಹೂತುಕೊಂಡು, ದಡದ ಮಣ್ಣಿನಲ್ಲಿ ಮೊಟ್ಟೆಯಿಡುವ ಪ್ರಾಣಿ ಅದು. ಕಟ್ಟಿದ ಬಾವಿಗೆ ದಂಡೆಯಿಲ್ಲ, ಕೆಸರಿಲ್ಲ, ಬಿಸಿಲು ತಲುಪುವುದು ನಡುಮಧ್ಯಾಹ್ನ ಮಾತ್ರ. ಹೆಣ್ಣಾಗಿದ್ದರೆ ಮೊಟ್ಟೆಯಿಡಲು ಒಂದು ಗೇಣು ನೆಲವೂ ಇಲ್ಲ. ಹತ್ತಾರು ವರ್ಷ ಬದುಕಬಲ್ಲ ಜೀವವನ್ನು ಒಂಟಿಯಾಗಿ ಗೋಡೆ ನೋಡುತ್ತ ಸುತ್ತಲು ಬಿಟ್ಟು, ಅದರ ದೀರ್ಘಾಯುಷ್ಯವನ್ನು ಊರಿಗೆಲ್ಲ ಹೇಳಿಕೊಳ್ಳುತ್ತೇವೆ.

ಇಲ್ಲಿ ಮೊಬೈಲಿನ ಪಾಠದವರು ಎದ್ದು ನಿಲ್ಲುತ್ತಾರೆ: "ಅದಕ್ಕೇ ಹೇಳುವುದು, ಸರಿಯಾದ ದೀಪ ತನ್ನಿ, ಸರಿಯಾದ ಮಣ್ಣು ಹಾಕಿ, ಕ್ಯಾಲ್ಸಿಯಂ ಪುಡಿ ಕೊಡಿ." ಈ ಸಲಹೆಗಳು ಸುಳ್ಳಲ್ಲ. ರಕ್ಷಣಾ ಕೇಂದ್ರದಲ್ಲಿ, ಕಾಡಿಗೆ ಮರಳಿಸಲಾಗದ ಆಮೆಗೆ ಇವೆಲ್ಲ ಬೇಕು. ಆದರೆ ಅದೇ ಸಲಹೆ ಮನೆಗೆ ಬಂದಾಗ ಕಳವಿನ ಮಾಲಿಗೆ ಕಪಾಟು ಮಾಡಿಕೊಟ್ಟ ಹಾಗಾಗುತ್ತದೆ. ಕಪಾಟು ಚೆನ್ನಾಗಿದ್ದಷ್ಟೂ ಮಾಲಿನ ಬಗ್ಗೆ ಯಾರೂ ಕೇಳುವುದಿಲ್ಲ. ಚಂದದ ಪೆಟ್ಟಿಗೆಯಲ್ಲಿ ಸೇಬು ತಿನ್ನುವ ಆಮೆಯ ಒಂದು ವಿಡಿಯೋ ನೋಡಿ ಹತ್ತು ಮಂದಿಗೆ ಆಸೆ ಹುಟ್ಟುತ್ತದೆ. ಆ ಹತ್ತು ಮಂದಿಗಾಗಿ ಎಲ್ಲೋ ಒಂದು ಕುರುಚಲು ಗುಡ್ಡದಲ್ಲಿ ಮತ್ತೊಬ್ಬ ಚೀಲ ಹಿಡಿದು ಹೊರಡುತ್ತಾನೆ. ಕೆಟ್ಟದಾಗಿ ಸಾಕುವವನು ಒಂದು ಆಮೆಯನ್ನು ಕೊಲ್ಲುತ್ತಾನೆ. ಚೆನ್ನಾಗಿ ಸಾಕಿ ಮೆರೆಯುವವನು ಎಷ್ಟನ್ನು ಕೊಲ್ಲಿಸುತ್ತಾನೆ?

ಆಮೆಗೆ ಕಾಯಿಲೆ ಬಂದರೆ ಯಾರ ಬಳಿ ಹೋಗುತ್ತೀರಿ? ನಮ್ಮ ತಾಲ್ಲೂಕು ಪಶು ಆಸ್ಪತ್ರೆಗಳ ವೈದ್ಯರು ಎತ್ತು, ಎಮ್ಮೆ, ಕುರಿಗಳ ಕೆಲಸದಲ್ಲೇ ಮುಳುಗಿರುತ್ತಾರೆ. ಸರೀಸೃಪಗಳ ಚಿಕಿತ್ಸೆ ಬೇರೆಯದೇ ಪಳಗಿಕೆ. ಮೇಲಾಗಿ ಅದನ್ನು ಬುಟ್ಟಿಯಲ್ಲಿಟ್ಟು ಆಸ್ಪತ್ರೆಗೆ ಒಯ್ಯುವುದೆಂದರೆ ಅಪರಾಧದ ಸಾಕ್ಷಿಯನ್ನು ತಾನೇ ಹೊತ್ತು ನಡೆದ ಹಾಗೆ. ಹೀಗಾಗಿ ಯಾರೂ ಒಯ್ಯುವುದಿಲ್ಲ. ಚಿಕಿತ್ಸೆಗೆ ತೋರಿಸಲೂ ಹೆದರಬೇಕಾದ ಪ್ರಾಣಿಯನ್ನು "ಮನಿ ಮಗಾ ಇದ್ಹಂಗ" ಎನ್ನುವುದು ಯಾವ ಬಗೆಯ ವಾತ್ಸಲ್ಯ?

ಈಗ ಲಕ್ಷ್ಮಿಯ ಮಾತು. ಈ ವಾದದ ಬೇರು ಇಲ್ಲೇ ಇದೆ, ಕೊಡಲಿ ಬೀಳಬೇಕಾದದ್ದೂ ಇಲ್ಲೇ. ಆಮೆ ವಿಷ್ಣುವಿನ ಎರಡನೇ ಅವತಾರ. ನಮ್ಮ ಕಡೆಯ, ಮಹಾರಾಷ್ಟ್ರದ ಎಷ್ಟೋ ಗುಡಿಗಳಲ್ಲಿ ಗರ್ಭಗುಡಿಯ ಮುಂದೆ ನೆಲದಲ್ಲಿ ಕಲ್ಲಿನ ಆಮೆ ಇದೆ. ಗೀತೆಯಲ್ಲಿ ಸ್ಥಿತಪ್ರಜ್ಞನಿಗೆ ಆಮೆಯ ಹೋಲಿಕೆ ಬರುತ್ತದೆ. ಎಲ್ಲ ಸರಿ. ಆದರೆ ಕಥೆಯನ್ನು ಪೂರ್ತಿ ಓದಿ. ಸಮುದ್ರ ಮಥನದಲ್ಲಿ ಮಂದರ ಪರ್ವತ ಕುಸಿಯತೊಡಗಿದಾಗ ಕೂರ್ಮ ಅದನ್ನು ಬೆನ್ನ ಮೇಲೆ ಹೊತ್ತಿತು. ಆಗ ಕಡಲಿನಿಂದ ಲಕ್ಷ್ಮಿ ಎದ್ದು ಬಂದಳು. ಆಮೆ ಇದ್ದದ್ದು ಎಲ್ಲಿ? ಸಮುದ್ರದ ತಳದಲ್ಲಿ. ಪುರಾಣದ ಯಾವ ಪುಟದಲ್ಲಿ ಅದನ್ನು ಹಿಡಿದು ಟಬ್ಬಿಗೆ ಹಾಕಿದ್ದಕ್ಕೆ ಲಕ್ಷ್ಮಿ ಬಂದಳೆಂದು ಬರೆದಿದೆ? ಅವತಾರ ಎಂದು ಕೈಮುಗಿಯುವುದು, ಅದೇ ಅವತಾರವನ್ನು ಸ್ಕೂಟರಿನ ಡಿಕ್ಕಿಯಲ್ಲಿ ತುಂಬಿ ತರುವುದು. ದೇವರನ್ನು ಕಟ್ಟಿಹಾಕಿ ವರ ಕೇಳುವುದನ್ನು ನಮ್ಮ ಹಿರಿಯರು ರಾಕ್ಷಸರ ಕೆಲಸ ಎನ್ನುತ್ತಿದ್ದರು.

ಇದಕ್ಕಿಂತ ಕೀಳಾದದ್ದು ಇನ್ನೊಂದಿದೆ. ಇಪ್ಪತ್ತು ಉಗುರಿನ ಆಮೆ ಸಿಕ್ಕರೆ ನಿಧಿ ಸಿಗುತ್ತದೆ, ದುಡ್ಡು ದುಪ್ಪಟ್ಟಾಗುತ್ತದೆ ಎಂಬ ಮಾತು. ನಕ್ಷತ್ರ ಆಮೆಗೆ ಸಾಮಾನ್ಯವಾಗಿ ಮುಂಗಾಲಿಗೆ ಐದೈದು, ಹಿಂಗಾಲಿಗೆ ನಾಲ್ಕು ನಾಲ್ಕು, ಒಟ್ಟು 18 ಉಗುರು. ಮೆತ್ತನೆ ಚಿಪ್ಪಿನ ನೀರಾಮೆಗೆ ಕಾಲಿಗೆ ಮೂರರಂತೆ 12. ಇಪ್ಪತ್ತು ಸಿಗುವವರೆಗೆ ಹಿಡಿಯುತ್ತಲೇ ಇರಿ ಎಂಬುದೇ ಈ ಮಾತಿನ ನಿಜವಾದ ಅರ್ಥ. ಇಂಥ ಮಾತನ್ನು ನಂಬಿ ಲಕ್ಷಗಟ್ಟಲೆ ಕಳೆದುಕೊಂಡವರು ಪೊಲೀಸರ ಮುಂದೆ ಹೋಗಿ ಏನೆಂದು ದೂರು ಕೊಟ್ಟಾರು? ಮೋಸ ಹೋದವನೂ ಕೈದಿ, ಮೋಸ ಮಾಡಿದವನೂ ಕೈದಿ. ತಪ್ಪಿಲ್ಲದೆ ಸೆರೆಯಾದದ್ದು ಆಮೆ ಒಂದೇ. ವಾಸ್ತುವಿನ ನೆಮ್ಮದಿ ಬೇಕೇ ಬೇಕು ಎನ್ನುವವರಿಗೆ ಪೇಟೆಯಲ್ಲಿ ಹಿತ್ತಾಳೆಯ ಆಮೆ ಸಿಗುತ್ತದೆ. ಅದಕ್ಕೆ ಬಿಸಿಲು ಬೇಡ, ಸೊಪ್ಪು ಬೇಡ, ವಕೀಲರೂ ಬೇಡ.

ಜಾಣರ ಇನ್ನೊಂದು ದಾರಿಯುಂಟು: "ನಮ್ಮದು ವಿದೇಶಿ ಆಮಿ ಅದಾವ್ರಿ, ಅಂಗಡಿಯಾಗ ತಂದದ್ದು." ಕೆನ್ನೆಯ ಮೇಲೆ ಕೆಂಪು ಪಟ್ಟಿಯ ಆ ಚಿಕ್ಕ ಹಸಿರು ಆಮೆಯ ಮೂಲ ಅಮೆರಿಕದ ಮಿಸಿಸಿಪಿ ನದಿಯ ಸೀಮೆ. ಅಂಗಡಿಯಲ್ಲಿ ಅದು ಎರಡು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು. ವರ್ಷಗಳು ಕಳೆದಂತೆ ಊಟದ ತಾಟಿನಷ್ಟಾಗುತ್ತದೆ. ಆಗ ಗಾಜಿನ ಪೆಟ್ಟಿಗೆ ಸಾಲುವುದಿಲ್ಲ, ನೀರು ನಾರುತ್ತದೆ, ಮಕ್ಕಳಿಗೆ ಬೇಸರವಾಗುತ್ತದೆ. ಒಂದು ಭಾನುವಾರ ಅದನ್ನು ಒಯ್ದು ಕೆರೆಗೆ ಬಿಟ್ಟು "ಪುಣ್ಯ ಕಟ್ಟಿಕೊಂಡೆ" ಎಂದು ಬರುತ್ತಾರೆ. ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಈ ಆಮೆ ಇದೆ. ಎಲ್ಲಿ ಬಿಟ್ಟರೂ ಬದುಕುತ್ತದೆ, ಸ್ಥಳೀಯ ಆಮೆಗಳ ಬಿಸಿಲು ಕಾಯುವ ಜಾಗ, ಆಹಾರ ಎರಡನ್ನೂ ಕಸಿದುಕೊಳ್ಳುತ್ತದೆ. ಐರೋಪ್ಯ ಒಕ್ಕೂಟ 1997 ರಲ್ಲೇ ಇದರ ಆಮದು ನಿಲ್ಲಿಸಿತು. ಇದರ ತವರಾದ ಅಮೆರಿಕವೇ, ಮಕ್ಕಳಿಗೆ ಸಾಲ್ಮೊನೆಲ್ಲಾ ತಗಲುತ್ತದೆಂದು, 4 ಇಂಚಿಗಿಂತ ಚಿಕ್ಕ ಚಿಪ್ಪಿನ ಆಮೆಗಳನ್ನು ಸಾಕಲೆಂದು ಮಾರುವುದನ್ನು 1975 ರಲ್ಲಿ ನಿಷೇಧಿಸಿತು. ಅವರು ತಮ್ಮ ಮಕ್ಕಳ ಕೈಗೆ ಬೇಡವೆಂದದ್ದನ್ನು ನಾವು ನಮ್ಮ ಮಕ್ಕಳ ಹುಟ್ಟುಹಬ್ಬಕ್ಕೆ ಕೊಡುತ್ತಿದ್ದೇವೆ. ಕಿತ್ತೂರು ತಾಲ್ಲೂಕಿನ ಎಂ.ಕೆ. ಹುಬ್ಬಳ್ಳಿಯಿಂದ ಸಂಗೊಳ್ಳಿ, ಮುನವಳ್ಳಿ, ತೊರಗಲ್ಲು, ರಾಮದುರ್ಗದವರೆಗೆ ಹರಿಯುವ ಮಲಪ್ರಭೆಗೆ ಸಕ್ಕರೆ ಕಾರ್ಖಾನೆ, ಊರ ಗಟಾರ ಸಾಲದೆಂದು ಇದೊಂದು ಕಾಣಿಕೆ ಬೇರೆ ಬೇಕೆ?

ಬಿಡುಗಡೆಯ ಪುಣ್ಯದ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಆಮೆ ಎಂದರೆ ನೀರಿನ ಪ್ರಾಣಿ ಎಂಬ ನಂಬಿಕೆಯಿಂದ ಕೆಲವರು ನಕ್ಷತ್ರ ಆಮೆಯನ್ನು ಹೊಳೆಗೆ, ಬಾವಿಗೆ ಎಸೆಯುತ್ತಾರೆ. ಅದು ನೆಲದ ಪ್ರಾಣಿ. ಈಜಲು ಬರುವುದಿಲ್ಲ. ಮುಳುಗಿ ಸಾಯುತ್ತದೆ. ಕೈಮುಗಿದು, ಹೂ ಏರಿಸಿ, ಮಕ್ಕಳ ಎದುರಿಗೆ ನಾವು ಮಾಡುವ ಈ ಕೊಲೆಗೆ ಪುಣ್ಯ ಎಂಬ ಹೆಸರಿದೆ. ಗುಡ್ಡಕ್ಕೆ ಬಿಟ್ಟರೂ ತೊಂದರೆ ತಪ್ಪುವುದಿಲ್ಲ: ಮನೆಯಲ್ಲಿ ತಗಲಿದ ರೋಗ ಕಾಡಿನ ಆಮೆಗಳಿಗೆ ಹರಡುತ್ತದೆ, ಬೇರೆ ಸೀಮೆಯ ತಳಿ ಇಲ್ಲಿಯದರೊಂದಿಗೆ ಬೆರೆಯುತ್ತದೆ. ಹಿಡಿಯಲು ಒಂದು ಗಳಿಗೆ ಸಾಕು, ಮರಳಿಸಲು ವರ್ಷಗಳು ಬೇಕು. 2018 ರ ನವೆಂಬರಿನಲ್ಲಿ ಸಿಂಗಪುರದಿಂದ 51 ನಕ್ಷತ್ರ ಆಮೆಗಳು ಬೆಂಗಳೂರಿಗೆ ವಾಪಸು ಬಂದವು. ಕಳ್ಳಸಾಗಣೆಯಲ್ಲಿ ಹೋದವುಗಳನ್ನು ಮರಳಿ ತರಲು ಎರಡು ದೇಶಗಳ ಸಂಸ್ಥೆಗಳು, ನಮ್ಮ ಅರಣ್ಯ ಇಲಾಖೆ, ವಿಮಾನ, ಪರವಾನಗಿ, ಪಶುವೈದ್ಯರು ಎಲ್ಲ ಬೇಕಾದರು. ಬಂದ ಮೇಲೂ ನೇರ ಕಾಡಿಗೆ ಬಿಡಲಾಗದೆ ಪ್ರತ್ಯೇಕವಾಗಿಟ್ಟು ಪರೀಕ್ಷಿಸಬೇಕಾಯಿತು. ಒಂದು ಚೀಲದಲ್ಲಿ ಹೋಗಬಹುದಾದಷ್ಟು ಆಮೆಗಳ ವಾಪಸಾತಿಗೆ ಇಷ್ಟು ಪರದಾಟ.

ಆಮೆಗೆ ಒಳಗೆ ಎಲ್ಲಿ ಜಾಗ ಮಾಡಬೇಕು, ಹೊರಗೆ ಎಲ್ಲಿ ಜಾಗ ಮಾಡಬೇಕು ಎಂದು ತಲೆ ಕೆಡಿಸಿಕೊಳ್ಳುವವರು ಅದಕ್ಕೆ ಆಗಲೇ ಇರುವ ಜಾಗವನ್ನು ಏನು ಮಾಡಿದ್ದಾರೆ? ಹಳ್ಳದ ದಂಡೆಯನ್ನು ಜೆಸಿಬಿಯಿಂದ ಕೆರೆದು ಉಸುಕು ಎತ್ತಿದ್ದೇವೆ. ಬದುವಿನ ಹುಲ್ಲಿಗೆ ಕಳೆನಾಶಕ ಹೊಡೆದಿದ್ದೇವೆ. ಕಬ್ಬಿನ ರವದಿಗೆ ಬೆಂಕಿ ಹಚ್ಚಿ ಅದರಡಿಯ ಜೀವವನ್ನೆಲ್ಲ ಸುಟ್ಟಿದ್ದೇವೆ. 2014 ರಿಂದ ಕೃಷಿ ಭಾಗ್ಯದಲ್ಲಿ ಹೊಲ ಹೊಲಕ್ಕೆ ಬಂದ ಕೃಷಿ ಹೊಂಡಗಳು ರೈತರಿಗೆ ವರವೇ ಸರಿ. ಆದರೆ ಪ್ಲಾಸ್ಟಿಕ್ ಹಾಳೆ ಹೊದಿಸಿದ ಹೊಂಡದ ಇಳಿಜಾರು ಎಷ್ಟು ನುಣುಪೆಂದರೆ ಒಳಗೆ ಬಿದ್ದ ಆಮೆ, ಹಾವು, ಉಡ, ಕೆಲವೊಮ್ಮೆ ಕುರಿಮರಿಯೂ ಮೇಲೇರಲಾರದು. ಒಂದು ಮೂಲೆಗೆ ಹಳೆಯ ಗೋಣಿ ತಟ್ಟು ಇಳಿಬಿಟ್ಟರೆ ಅವು ಹತ್ತಿ ಬರುತ್ತವೆ. ಆಮೆಗೆ ಸಾವಿರಾರು ರೂಪಾಯಿಯ ದೀಪ ತರಿಸುವವರಿಗೆ ಈ ಗೋಣಿ ತಟ್ಟಿನ ಖರ್ಚು ಹೆಚ್ಚಾಯಿತೆ?

ಆದ್ದರಿಂದ ಇನ್ನು ಮುಂದೆ ಯಾವ ಸಬೂಬೂ ಬೇಡ. ಮನೆಯಲ್ಲಿ, ಬಾವಿಯಲ್ಲಿ, ಟಾಕಿಯಲ್ಲಿ ಆಮೆ ಇಟ್ಟುಕೊಂಡವರು ಅದನ್ನು ಹಳ್ಳಕ್ಕೂ ಒಯ್ಯಬೇಡಿ, ಪಕ್ಕದ ಮನೆಗೂ ಕೊಡಬೇಡಿ. ಅರಣ್ಯ ಇಲಾಖೆಯ ಸಹಾಯವಾಣಿ 1926 ಕ್ಕೆ ಕರೆ ಮಾಡಿ, ಇಲ್ಲವೇ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ತಿಳಿಸಿ. ಇಲಾಖೆಯೂ ಒಂದು ಮಾತು ಕೇಳಲಿ: ತಾನಾಗಿ ಒಪ್ಪಿಸಲು ಬಂದ ಹಳ್ಳಿಗನನ್ನು ಕಳ್ಳಸಾಗಣೆದಾರನ ಹಾಗೆ ಕಟಕಟೆಗೆ ನಿಲ್ಲಿಸುತ್ತೀರೆಂಬ ಹೆದರಿಕೆ ಇರುವವರೆಗೆ ಯಾರೂ ಬರುವುದಿಲ್ಲ. ಈ ಸೀಮೆಯ ತಾಲ್ಲೂಕುಗಳಲ್ಲಿ ಆಮೆ ಒಪ್ಪಿಸುವ ದಿನ ಗೊತ್ತುಮಾಡಿ, ಡಂಗುರ ಸಾರಿಸಿ, ಒಪ್ಪಿಸಿದವರನ್ನು ಗೌರವದಿಂದ ಕಳಿಸಿ. ಮಾರುವವರ ಮೇಲೆ ಮಾತ್ರ ಯಾವ ಕರುಣೆಯೂ ಬೇಡ.

ಗುಡಿಯ ಹೊಂಡದಲ್ಲಿ, ಮಠದ ಬಾವಿಯಲ್ಲಿ ಆಮೆ ಬಿಡಿಸಿಕೊಳ್ಳುವ ಟ್ರಸ್ಟಿಗಳು ಆ ಪದ್ಧತಿ ನಿಲ್ಲಿಸಲಿ. ಗೊಡಚಿಯ ವೀರಭದ್ರ ದೇವರ ಜಾತ್ರೆಗೆ, ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಲಕ್ಷಾಂತರ ಮಂದಿ ಸೇರುತ್ತಾರೆ; ಅಲ್ಲಿಯ ಧ್ವನಿವರ್ಧಕದಿಂದ ಒಂದು ಸಲ ಪೂಜಾರಿಗಳೇ ಹೇಳಲಿ, ಜೀವಂತ ಆಮೆ ಕಟ್ಟಿಹಾಕಿದ ಮನೆಗೆ ದೇವಿ ಬರುವುದಿಲ್ಲ ಎಂದು. ಅರಣ್ಯ ಇಲಾಖೆಯ ಹತ್ತು ಫಲಕಗಳಿಗಿಂತ ಆ ಒಂದು ಮಾತು ದೂರ ಹೋಗುತ್ತದೆ. 2002 ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಜೀವಿಗಳ ದಾಖಲೆ ಇರಬೇಕು. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಆ ದಾಖಲೆ ತೋರಿಸಿ ಎಂದು ಕೇಳಿ. ನಮ್ಮ ಹಳ್ಳದ ಆಮೆಯ ಹೆಸರು ಅದರಲ್ಲಿದೆಯೆ? ಅದರ ದಂಡೆ ಕಾಯಲು ಸಮಿತಿ ಏನು ಮಾಡಿದೆ? ಉತ್ತರ ಬರುವವರೆಗೆ ಕೂರಬೇಡಿ.

ಆಮೆಯನ್ನು ಪ್ರೀತಿಸುವವರ ಕೆಲಸ ಪಡಸಾಲೆಯಲ್ಲಿ ಇಲ್ಲ, ಹಳ್ಳದ ದಂಡೆಯ ಮೇಲಿದೆ. ಉಸುಕಿನ ಟ್ರ್ಯಾಕ್ಟರಿಗೆ ಅಡ್ಡ ನಿಲ್ಲಿ, ರವದಿಗೆ ಬೆಂಕಿಯಿಡುವ ಕೈ ಹಿಡಿಯಿರಿ, ಹೊಂಡಕ್ಕೆ ಗೋಣಿ ಇಳಿಬಿಡಿ, ಆಮೆ ಮಾರಲು ಬಂದವನ ಮೇಲೆ ದೂರು ಕೊಡಿ. ಇಷ್ಟು ಮಾಡಲು ಮನಸ್ಸಿಲ್ಲದವರು, ದಯವಿಟ್ಟು, ಪ್ರೀತಿ ಎಂಬ ಮಾತನ್ನಾದರೂ ಬಾಯಿಗೆ ತರಬೇಡಿ.